ತ್ರ್ಯಂಬಕರಾಯರ ತಂಬೂರಿ ಪೆಟ್ಟಿಗೆ

“ಸಾವಕಾಶ. ಒಳಗ ತಂತಿ ಅವ,” ಎಂದರು ಸಂಗೀತ ಕಲಿಸುವ ಯಜ್ಞೇಶ್ವರ ಮಾಸ್ತರರು.

ಪೆಟ್ಟಿಗೆಯ ಅಗಲ ತುದಿಯನ್ನು ಅವರು ಹಿಡಿದಿದ್ದರು, ಸಣ್ಣ ತುದಿಯನ್ನು ಪಕ್ಕದ ಮನೆಯ ಕಾರಕೂನರು. ಪಡಸಾಲೆಯಲ್ಲಿ ತ್ರ್ಯಂಬಕರಾಯರ ದೇಹವನ್ನು ಮಲಗಿಸಲು ಜಾಗ ಸಾಲದೆ, ಗೋಡೆಗುಂಟ ಇದ್ದ ಪೆಟ್ಟಿಗೆಯನ್ನು ಒಳಕೋಣೆಗೆ ಒಯ್ಯುತ್ತಿದ್ದರು. ಇಬ್ಬರೂ ಬೆನ್ನು ಬಾಗಿಸಿ, ಉಸಿರು ಬಿಗಿಹಿಡಿದು, ಹೊಸ್ತಿಲನ್ನು ಕಾಲಿನಿಂದ ತಡವಿ ನೋಡಿ ದಾಟಿದರು. ಹೆಪ್ಪು ಹಾಕಿದ ಮೊಸರಿನ ಪಾತ್ರೆಯನ್ನು ಸರಿಸುವಾಗ ಹೆಂಗಸರು ಹಾಗೆ ನಡೆಯುತ್ತಾರೆ.

ಅಡುಗೆಮನೆಯ ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ಮೃಣಾಲಿನಿಗೆ ಸೋಜಿಗವಾಯಿತು. ಸತ್ತವರ ಸೊಸೆ ಅವಳು. ದಿನಾ ಕಸ ಗುಡಿಸುವಾಗ ಆ ಪೆಟ್ಟಿಗೆಯ ತುದಿಯನ್ನು ಎಡಗೈಯಿಂದ ಎತ್ತಿ, ಬಲಗೈಯಿಂದ ಅದರ ಕೆಳಗೆ ಕಸಬರಿಗೆ ಆಡಿಸುತ್ತಿದ್ದಳು. ಅದರೊಳಗೆ ತಂತಿ ಇಲ್ಲ, ತಂಬೂರಿಯೇ ಇಲ್ಲ ಎಂಬುದು ಮಾವನವರು ಹೋದ ಮೇಲೆ ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು. ತನ್ನನ್ನು ಬಿಟ್ಟರೆ ಹುಬ್ಬಳ್ಳಿಯ ತವರಿನವರಿಗೆ, ಅದರಲ್ಲೂ ಅಣ್ಣ ದತ್ತುವಿಗೆ. ಅದು ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು.

ಗಂಡ ರಮಾಕಾಂತ ಹಿತ್ತಲಿಗೆ ಹೋಗುತ್ತ, ಹುಬ್ಬಳ್ಳಿಗೆ ಆಳು ಹೋಗಿದ್ದಾನೆ, ನಿಮ್ಮಣ್ಣ ಮುಂದಿನ ಗಾಡಿಗೆ ಬರುತ್ತಾನೆ ಎಂದು ಅವಳಿಗೆ ಹೇಳಿದ. ಗಾಡಿ ತಪ್ಪಲಿ ಎಂದು ಮೃಣಾಲಿನಿ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡಳು.

*

ಮದುವೆಯಾಗಿ ಮಾಳಮಡ್ಡಿಯ ಈ ಮನೆಗೆ ಬಂದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದೇ ಆ ಪೆಟ್ಟಿಗೆ. ತೆಳ್ಳಗಿನ ದೇವದಾರಿನ ಹಲಗೆ, ಮೇಲೆ ಕಪ್ಪು ಬಣ್ಣ, ಮೂಲೆಗಳಿಗೆ ಹಿತ್ತಾಳೆಯ ತಗಡು. ತಂಬೂರಿ ಮಲಗುವ ಹಾಗೆ ಒಂದು ಕಡೆ ದುಂಡಗೆ ಅಗಲ, ಇನ್ನೊಂದು ಕಡೆ ಸಪೂರ. ಹುಬ್ಬಳ್ಳಿಯ ಬಡಿಗ ಮಕಬೂಲಸಾಬನಿಗೆ ಹೇಳಿ ಮಾಡಿಸಿದ್ದು. ಅಂಥದು ಓಣಿಯಲ್ಲಿ ಇನ್ನೊಂದಿರಲಿಲ್ಲ. ಕಚೇರಿಯ ಕೆಲಸವಿಲ್ಲದ ದಿನ ಮಾವನವರು ಎಣ್ಣೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದರು. ದಸರೆಗೆ ಮುಚ್ಚಳಕ್ಕೆ ಕುಂಕುಮ ಹಚ್ಚುತ್ತಿದ್ದರು. ಅದರ ಕೀಲಿಕೈ ಅವರ ಜನಿವಾರದಲ್ಲಿ ತೂಗುತ್ತಿತ್ತು. ಪರಊರಿನ ನೆಂಟರು ಯಾರಾದರೂ ತೆಗೆದು ತೋರಿಸಿರೆಂದರೆ, “ಅದು ನಮ್ಮ ಗವಾಯಿ ಬುವಾರ ಪ್ರಸಾದ. ಹೊರಗ ತಗಿಯೂದಿಲ್ಲ,” ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ದನಿ ಇಳಿಯುತ್ತಿತ್ತು.

ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ಹುಡುಗಿ ಮೃಣಾಲಿನಿ. ಮಂದಿಯ ಮುಂದೆ ಅವಳ ಬಾಯಿ ಏಳುತ್ತಿರಲಿಲ್ಲ, ಆದರೆ ಕಣ್ಣು, ಕಿವಿ ಸುಮ್ಮನಿರುತ್ತಿರಲಿಲ್ಲ. ತವರಿನಲ್ಲಿ ಕಾಕಾನ ಹತ್ತಿರ ಒಂದು ತಂಬೂರಿ ಇತ್ತು. ಅದನ್ನಿಟ್ಟ ಪೆಟ್ಟಿಗೆ ನೆಲಕ್ಕೆ ತಾಗಿದರೆ ಸಾಕು, ಒಳಗೆ ತಂತಿ ತಾನಾಗಿಯೇ ಗುಂಯ್ ಎನ್ನುತ್ತಿತ್ತು. ಈ ಪೆಟ್ಟಿಗೆ ಎಷ್ಟು ಜೋರಾಗಿ ಕೆಳಗಿಟ್ಟರೂ ಟಕ್ ಎಂದು ಹಲಗೆಯ ಸದ್ದು ಮಾತ್ರ ಮಾಡುತ್ತಿತ್ತು.

ದೀಪಾವಳಿಗೆ ತವರಿಗೆ ಹೋಗಿದ್ದಾಗ ಎಲ್ಲರೂ ಎಣ್ಣೆ ಹಚ್ಚಿ ಎರೆದುಕೊಂಡು ಫಳಾರಕ್ಕೆ ಕೂತಿದ್ದರು. ಒಬ್ಬರಾದ ಮೇಲೊಬ್ಬರು ತಮಾಷೆಯ ಮಾತು ಹೇಳಿ ನಗಿಸುತ್ತಿದ್ದರು. ತಾನೂ ಒಂದು ಸಲ ನಗಿಸಬೇಕು ಎಂದು ಅವಳಿಗೆ ಯಾಕೆ ಅನಿಸಿತೋ.

“ನಮ್ಮ ಮಾವನವರು ಗಾಳಿಗೆ ಕೀಲಿ ಹಾಕ್ಯಾರ,” ಎಂದು ಪೆಟ್ಟಿಗೆಯ ಸಂಗತಿ ಹೇಳಿಬಿಟ್ಟಳು.

ಕೂತವರೆಲ್ಲ ನಕ್ಕರು. ದತ್ತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. “ಎಲಾ ಇಕಿನ, ಬಾಯಿ ಅದ ಇಕಿಗೆ!” ಎಂದ. ಅಂದಿನಿಂದ ಅವನು ಯಾವಾಗ ಸಿಕ್ಕರೂ ಕೇಳುವುದು ಒಂದೇ, ಗಾಳಿ ಹ್ಯಾಂಗದ? ಮೊದಲ ಸಲ ಅವಳಿಗೂ ನಗು ಬಂದಿತ್ತು.

*

ಗಾಡಿ ತಪ್ಪಲಿಲ್ಲ. ಬಿಸಿಲೇರುವ ಹೊತ್ತಿಗೆ ದತ್ತು ಬಂದ, ಟೊಪಿಗೆ ತೆಗೆದು ರಾಯರ ಕಾಲಿಗೆ ನಮಸ್ಕರಿಸಿ ಕಂಬದ ಹತ್ತಿರ ಕೂತ. ಖಾಲಿಯಾದ ಗೋಡೆಯ ಕಡೆ ಒಮ್ಮೆ ನೋಡಿದ, ತಂಗಿಯ ಕಡೆ ಒಮ್ಮೆ ನೋಡಿದ.

ದೇಹಕ್ಕೆ ಸ್ನಾನ ಮಾಡಿಸುವಾಗ ಭಟ್ಟರು, ಕಬ್ಬಿಣ ಮೈಮೇಲಿರಬಾರದು, ಕೀಲಿಕೈ ಬಿಚ್ಚಿಕೊಳ್ಳಿ ಎಂದರು. ಒದ್ದೆ ಜನಿವಾರದ ಗಂಟು ಬೇಗ ಬಿಚ್ಚಲಿಲ್ಲ. ರಮಾಕಾಂತ ಅದನ್ನು ಉಗುರಿನಿಂದ ಕೆದಕಿ ಸಡಿಲಿಸಿದ. ಕೊನೆಗೆ ಕೀಲಿಕೈ ಕಳಚಿ ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗೈಯಲ್ಲೇ ಹಿಡಿದು ನಿಂತ.

*

ಮಾಘ ಮಾಸದಲ್ಲಿ ಮಾವನವರು ಹಾಸಿಗೆ ಹಿಡಿದಿದ್ದರು. ಪಡಸಾಲೆಯಲ್ಲೇ ಮಲಗುತ್ತಿದ್ದರು, ಪೆಟ್ಟಿಗೆ ಕಾಣುವ ಹಾಗೆ. ಒಂದು ಬೆಳಿಗ್ಗೆ ಅವರು ನಿದ್ದೆಯಲ್ಲಿದ್ದಾರೆಂದು ತಿಳಿದು ಮೃಣಾಲಿನಿ ಎಂದಿನಂತೆ ಎಡಗೈಯಿಂದ ಪೆಟ್ಟಿಗೆ ಎತ್ತಿದಳು.

“ಎರಡೂ ಕೈ ಹಚ್ಚು, ಮಗಳ.”

ಅವಳು ಎತ್ತಿದ್ದನ್ನು ಹಾಗೇ ಹಿಡಿದು ನಿಂತಳು. ಮಾವನವರು ಜಂತಿಯ ಕಡೆ ನೋಡುತ್ತಿದ್ದರು.

“ಬುವಾ ಚಾಷ್ಟಿ ಮಾಡಿದ್ರು. ನಾ ಖರೇ ಅನಕೊಂಡೆ,” ಎಂದರು.

ಆಮೇಲೆ ಆ ತಮಾಷೆಯ ಕಥೆಯನ್ನು ತಡೆದು ತಡೆದು ಹೇಳಿದರು. ಪ್ರಾಯದಲ್ಲಿ ಅವರು ಊರಿನ ಒಬ್ಬ ದೊಡ್ಡ ಗವಾಯಿಯ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದರು. ಎಲ್ಲರೂ ಆ ಗವಾಯಿಯನ್ನು ಬುವಾ ಎನ್ನುತ್ತಿದ್ದರು. ಒಂದು ರಾತ್ರಿ ಹಾಡಿಕೆ ರಂಗೇರಿ ಮುಗಿದಾಗ ಬುವಾ ಖುಷಿಯಿಂದ, ತ್ರ್ಯಂಬಕಾ, ಇದಕ್ಕೊಂದು ಛಲೋ ಪೆಟಗಿ ಮಾಡಿಸು, ತಂಬೂರಿ ನಿಂದ ಎಂದರು. ಅಳತೆಗೆ ಬೇರೇನೂ ಸಿಗದೆ ರಾಯರು ಹೆಗಲ ಮೇಲಿನ ಉಪರಣೆಗೇ ಗಂಟು ಹಾಕಿಕೊಂಡರು. ಬುರುಡೆಗೆ ಒಂದು ಗಂಟು, ದಂಡಿಗೆ ಒಂದು. ಕೂತವರೆಲ್ಲ ನಕ್ಕರು. ತನ್ನ ಭಾಗ್ಯ ಕಂಡು ನಗುತ್ತಿದ್ದಾರೆ ಎಂದುಕೊಂಡರು ರಾಯರು.

ಮಕಬೂಲಸಾಬ ಆ ಗಂಟುಗಳನ್ನು ನೋಡಿ ನೋಡಿ ಪೆಟ್ಟಿಗೆ ಕಟ್ಟಿದ, ಒಳಗೆ ಕೆಂಪು ಮಕಮಲ್ಲು ಹಚ್ಚಿದ. ಚಕ್ಕಡಿಯಲ್ಲಿ ಹುಲ್ಲು ಹಾಸಿ, ರಾಯಾಪುರದ ಹಾದಿ ಹಿಡಿದು, ನೆಟ್ಟಗೆ ಬುವಾರ ಬಾಗಿಲಿಗೆ ತಂದಿಳಿಸಿದರು. ಬುವಾರಿಗೆ ನೆನಪೇ ಇರಲಿಲ್ಲ. ನೆನಪಾದಾಗ ಹೊಟ್ಟೆ ಹಿಡಿದು ನಕ್ಕರು. ಸುತ್ತಲಿನ ಶಿಷ್ಯರೂ ನಕ್ಕರು. ಚಾಷ್ಟಿ ತಿಳಿಯೂದಿಲ್ಲೇನೋ ನಿನಗ, ಎಂದರು ಬುವಾ.

“ಹೊಳ್ಳಿ ಬಂದೆ. ಓಣಿ ಮಂದಿ ಎಲ್ಲಾ ಬಾಗಿಲಾಗ ನಿಂತಿತ್ತು. ನಿಮ್ಮತ್ತಿ ಆರತಿ ತಟ್ಟಿ ಹಿಡಕೊಂಡು ನಿಂತಿದ್ಲು. ಪೆಟಗಿಗೆ ಕುಂಕುಮ ಹಚ್ಚಿ ಆರತಿ ಮಾಡಿದ್ಲು,” ಎಂದರು ಮಾವನವರು. ಪೆಟ್ಟಿಗೆಯ ಕಡೆ ತಿರುಗಿ, “ಆರತಿ ಆದ ಮ್ಯಾಲ ಏನ ಹೇಳಲಿ?” ಎಂದರು.

ಯಾರಿಗೂ ಹೇಳಬೇಡ ಎಂದು ಅವರು ಹೇಳಲಿಲ್ಲ. ಹೇಳುವುದಿಲ್ಲ ಎಂದು ನಂಬಿದ್ದರು. ಅದಾಗಲೇ ಹೇಳಿಯಾಗಿದೆ, ಹುಬ್ಬಳ್ಳಿಯಲ್ಲಿ ಮನೆ ಮಂದಿಯೆಲ್ಲ ನಕ್ಕಾಗಿದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಎರಡೂ ಕೈಯಿಂದ ಪೆಟ್ಟಿಗೆಯನ್ನು ಕೆಳಗಿಟ್ಟು ಗಂಜಿ ತರಲು ಒಳಗೆ ಹೋದಳು.

*

ಕಟ್ಟಿಗೆಯ ಗಾಡಿ ಸ್ಮಶಾನ ಮುಟ್ಟಿದ ಸುದ್ದಿ ಬರುವ ತನಕ ದೇಹ ಎತ್ತುವಂತಿರಲಿಲ್ಲ. ಕೂತ ಮಂದಿ ರಾಯರ ಮಾತು ಆಡಿದರು. ಯಾರಿಗೂ ಏರುದನಿಯಲ್ಲಿ ಮಾತನಾಡಿದವರಲ್ಲ, ತಮ್ಮ ಛತ್ರಿ ಇನ್ನೊಬ್ಬರಿಗೆ ಕೊಟ್ಟು ತಾವು ತೊಯ್ದು ಬರುತ್ತಿದ್ದರು ಎಂದರು. ಆಗ ದತ್ತು ಕೆಮ್ಮಿದ.

“ರಮಾಕಾಂತರಾವ, ಕೀಲಿ ನಿಮ್ಮ ಕೈಯಾಗನ ಅದ. ಮಾಸ್ತರರೂ ಇದ್ದಾರ. ತಂಬೂರಿ ತಗದು ಒಂದು ಪದಾ ಹೇಳಿ ಕಳಸೂಣು. ಅವರ ಜೀವಾ ಅದರಾಗ ಇತ್ತಲ್ರಿ.”

ಮಾತೇನೋ ಸರಿಯಾಗಿಯೇ ಇತ್ತು. ಆದರೆ ಅವನ ಕಣ್ಣಂಚು ತಂಗಿಯನ್ನು ಹುಡುಕುತ್ತಿತ್ತು, ದೀಪಾವಳಿಯ ಫಳಾರದ ದಿನ ಹುಡುಕಿದ ಹಾಗೆಯೇ. ಮೃಣಾಲಿನಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಈಗ ಮುಚ್ಚಳ ಏಳುತ್ತದೆ, ಖಾಲಿ ಮಕಮಲ್ಲು ಕಾಣುತ್ತದೆ, ಬಾಯಿಗೆ ತುಳಸಿ ಹಾಕಿಸಿಕೊಂಡು ಮಲಗಿದ ಈ ಮನುಷ್ಯ ಇನ್ನೊಮ್ಮೆ ನಗೆಗೀಡಾಗುತ್ತಾರೆ. ಎಲ್ಲಾ ತನ್ನ ಒಂದು ಮಾತಿನಿಂದ.

ರಮಾಕಾಂತ ನೆಲ ನೋಡಿದ. ಯಜ್ಞೇಶ್ವರ ಮಾಸ್ತರರು, “ಈ ಬಿಸಲಾಗ ಬ್ಯಾಡ. ಬುರುಡಿ ಸೀಳತದ,” ಎಂದರು.

“ನೆರಳಾಗ ತಗದರಾತಲ್ರಿ,” ಎಂದ ದತ್ತು.

“ಇವತ್ತ ಅಮಾಸಿ,” ಎಂದರು ಪಕ್ಕದ ಮನೆಯ ಕಾರಕೂನರು. “ಅಮಾಸಿಗೆ ತಂತಿ ಮುಟ್ಟಬಾರದಂತಾರ.”

ಅಂಥ ಶಾಸ್ತ್ರವನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಭಟ್ಟರು ಏನೋ ಹೇಳಲು ಬಾಯಿ ತೆರೆದವರು, ಕಾರಕೂನರ ಮುಖ ನೋಡಿ ಸುಮ್ಮನಾದರು. ಹೆಂಗಸರ ನಡುವಿನಿಂದ ಎದುರು ಮನೆಯ ಮುದುಕಿ ಮಂದಾಕಿನಿಬಾಯಿ ದನಿ ತೆಗೆದರು.

“ನಾ ದಿನಾ ಕೇಳತಿದ್ದೆನಪಾ. ಮಂದಿ ಏಳೂಕಿಂತ ಮೊದಲ ತಗದು ಶ್ರುತಿ ಹಿಡೀತಿದ್ರು. ನಿನ್ನೆ ಮೊನ್ನೆ ಸುದ್ದಾ ಕೇಳೇನಿ.”

ನಿನ್ನೆ ಮೊನ್ನೆ ರಾಯರಿಗೆ ನೀರಿನ ಲೋಟ ಹಿಡಿಯುವ ಶಕ್ತಿಯೂ ಇರಲಿಲ್ಲ. ಅದು ಓಣಿಗೆಲ್ಲ ಗೊತ್ತಿತ್ತು. ಆದರೂ ಯಾರೂ ನಗಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೃಣಾಲಿನಿ ಒಬ್ಬೊಬ್ಬರನ್ನೇ ನೋಡಿದಳು. ಮುಂಜಾನೆ ಆ ಇಬ್ಬರು ಯಾಕೆ ಬೆನ್ನು ಬಾಗಿಸಿದ್ದರೆಂದು ಆಗ ಹೊಳೆಯಿತು. ಇವರಿಗೆಲ್ಲ ಗೊತ್ತು. ಮೊದಲಿನಿಂದಲೂ ಗೊತ್ತು. ಅಂದು ಬುವಾರ ಬಾಗಿಲಲ್ಲಿ ನಕ್ಕ ಶಿಷ್ಯರಲ್ಲಿ ಈ ಮಾಸ್ತರರೂ ಇದ್ದಿರಬೇಕು. ಪೆಟ್ಟಿಗೆ ತೆಗೆಯಿರಿ ಎಂದು ಕೇಳಿದವರೆಲ್ಲ ಪರಊರಿನವರು. ಓಣಿಯವರು ಒಬ್ಬರೂ ಎಂದೂ ಕೇಳಿರಲಿಲ್ಲ. ಇಷ್ಟು ಮಂದಿ ಬಾಯಿ ಕಟ್ಟಿಕೊಂಡು ಕಾದದ್ದನ್ನು ಮನೆಯವಳಾದ ತಾನು ಒಂದು ನಗುವಿಗೆ ಕೊಟ್ಟು ಬಂದಿದ್ದಳು.

“ದಿನಾ ನುಡಸ್ತಿದ್ರಂದ್ರ ಶ್ರುತಿ ಕೂಡೇ ಇರಬೇಕು. ಭಾಳ ಛಲೋ ಆತು,” ಎಂದು ದತ್ತು ಎದ್ದು ಕೀಲಿಕೈಗೆ ಕೈ ಚಾಚಿದ.

“ಅಣ್ಣಾ, ತಂತಿ ಹರದಾವ.”

ಗಂಡಸರ ಮುಂದೆ ಎಂದೂ ಕೇಳಿಸದ ದನಿ. ಎಲ್ಲರೂ ತಿರುಗಿದರು. ರಮಾಕಾಂತನೂ ತಿರುಗಿದ.

“ನಾಕೂ?” ಎಂದ ದತ್ತು.

“ನಾಕೂ.”

“ನಿನಗ ಹ್ಯಾಂಗ ಗೊತ್ತು?”

“ಮಾವನವರು ತಗದು ತೋರಿಸಿದ್ರು. ಕೆಂಪು ಮಕಮಲ್ಲಿನಾಗ ಮಲಗಿಸ್ಯಾರ. ನಾ ನೋಡೇನಿ.” ಮುಂದಿನ ಮಾತು ಆಡದಿದ್ದರೆ ಅಣ್ಣ ಕೂರುವುದಿಲ್ಲ, ಆಡಿದರೆ ತಾನು ಎಲ್ಲೋ ಏನೋ ಹೇಳಿ ಬಂದದ್ದು ಇಲ್ಲಿರುವವರಿಗೆಲ್ಲ ತಿಳಿಯುತ್ತದೆ. “ದೀಪಾವಳಿಗೆ ನಾ ಹೇಳಿದ್ದು ಚಾಷ್ಟಿ,” ಎಂದಳು.

ದತ್ತು ಅವಳನ್ನೇ ನೋಡಿದ. ಕಣ್ಣಂಚಿನ ನಗು ಆರಿತು. ಯಜ್ಞೇಶ್ವರ ಮಾಸ್ತರರು ಮಂದಾಕಿನಿಬಾಯಿಯ ಕಡೆ ತಿರುಗಿ, “ನೀವು ಕೇಳಿದ ಮ್ಯಾಲ ಹರದಿರಬೇಕು, ಬಾಯಾರ. ಹಳೇ ತಂತಿ,” ಎಂದರು. ಮಂದಾಕಿನಿಬಾಯಿ ಹೌದೆಂದು ತಲೆಯಾಡಿಸಿದರು.

ರಾಯರ ತಲೆಯ ಹತ್ತಿರ ಕೂತಿದ್ದ ಅತ್ತೆ ಗೋದಾಬಾಯಿ ಮಗನ ಕಡೆ ಕೈ ಚಾಚಿದರು. ರಮಾಕಾಂತ ಕೀಲಿಕೈಯನ್ನು ತಾಯಿಯ ಅಂಗೈಯಲ್ಲಿ ಇಟ್ಟ. ಅವರು ಅದನ್ನು ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದರು. ಅಷ್ಟರಲ್ಲಿ ಹೊರಗಿನಿಂದ ಯಾರೋ ಬಂದು, ಗಾಡಿ ಮುಟ್ಟಿದೆ ಎಂದರು.

*

ಗಂಡಸರು ಹೋದ ಮೇಲೆ ಹೆಂಗಸರು ಪಡಸಾಲೆ ತೊಳೆದರು. ರಾಯರು ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ಒಬ್ಬೊಬ್ಬರಾಗಿ ಮನೆಗೆ ಹೋದರು. ಅತ್ತೆ ಸೊಸೆ ಇಬ್ಬರೇ ಉಳಿದರು. ತನ್ನ ಚಾಷ್ಟಿ ಏನೆಂದು ಅತ್ತೆ ಕೇಳುತ್ತಾರೆ ಎಂದು ಮೃಣಾಲಿನಿ ತಲೆ ತಗ್ಗಿಸಿ ಕಾದಳು.

“ಮಕಮಲ್ಲು ಕೆಂಪು ಅದ ಅಂತ ನಿನಗ ಯಾರು ಹೇಳಿದ್ರು?” ಎಂದರು ಗೋದಾಬಾಯಿ.

“ಮಾವನವರು.”

ಗೋದಾಬಾಯಿ ದೀಪದ ಬತ್ತಿಯನ್ನು ಮುಂದೆ ಸರಿಸಿದರು. ಬೆರಳಿಗೆ ಹತ್ತಿದ ಎಣ್ಣೆಯನ್ನು ತಲೆಗೆ ಒರೆಸಿಕೊಂಡರು.

“ನನಗ ಅಷ್ಟೂ ಹೇಳಲಿಲ್ಲ,” ಎಂದರು. “ಹ್ಯಾಂಗ ಹೇಳತಾರ. ಆರತಿ ತಟ್ಟಿ ಹಿಡಕೊಂಡು ನಾನ ನಿಂತಿದ್ದೆ. ಅವರ ಮಾರಿ ನೋಡಿದ ಕೂಡಲೇ ತಿಳೀತು. ಕೈ ಮಾತ್ರ ನಿಲ್ಲಲಿಲ್ಲ, ಬೆಳಗಿಬಿಟ್ಟೆ.”

ಮೃಣಾಲಿನಿ ಬಟ್ಟೆ ಹಿಂಡಿ ಅದೇ ಜಾಗವನ್ನು ಇನ್ನೊಮ್ಮೆ ಒರೆಸಿದಳು.

ಹೊತ್ತು ಇಳಿಯುವಾಗ ಗಂಡಸರು ಒದ್ದೆ ಬಟ್ಟೆಯಲ್ಲಿ ತಿರುಗಿ ಬಂದು ದೀಪಕ್ಕೆ ನಮಸ್ಕರಿಸಿದರು. ದತ್ತು ಸಂಜೆಯ ಗಾಡಿಗೆ ಹೊರಡುವವನಿದ್ದ. ಪಡಸಾಲೆಯಲ್ಲಿ ಅಲ್ಲಿ ಇಲ್ಲಿ ನಿಂತ. ಗೋದಾಬಾಯಿ ಖಾಲಿ ಗೋಡೆಯನ್ನು ನೋಡುತ್ತ ಕೂತಿದ್ದನ್ನು ಕಂಡು ಮೃಣಾಲಿನಿ ಒಳಕೋಣೆಗೆ ಹೋದಳು. ದತ್ತು ಹಿಂದೆಯೇ ಬಂದ.

“ನೀ ಬಿಡು, ನಾ ಒಬ್ಬನ ಒಯ್ತೀನಿ,” ಎಂದು ಪೆಟ್ಟಿಗೆಯ ಹಿಡಿಕೆಗೆ ಒಂದು ಕೈ ಹಾಕಿದ. ಅಗಲ ತುದಿ ಗಕ್ಕನೆ ಮೇಲೆದ್ದಿತು. ಒಳಗೇನೂ ಇಲ್ಲವೆಂದು ಅವನಿಗೆ ತಿಳಿದದ್ದು ಮುಖದಲ್ಲೇ ಕಂಡಿತು.

“ಎರಡೂ ಕೈ ಹಚ್ಚು, ಅಣ್ಣಾ.”

ದತ್ತು ಅವಳನ್ನು ನೋಡಿದ. ತುದಿಯನ್ನು ಮೆಲ್ಲಗೆ ಕೆಳಗಿಟ್ಟು, ಧೋತರದ ಅಂಚನ್ನು ಸೊಂಟಕ್ಕೆ ಸಿಗಿಸಿ, ಎರಡೂ ಕೈ ಹಚ್ಚಿದ. ಸಣ್ಣ ತುದಿಯನ್ನು ಅವಳು ಹಿಡಿದಳು. ಬೆನ್ನು ಬಾಗಿಸಿ, ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿ, ದೀಪವನ್ನು ಬಳಸಿ ಗೋಡೆಯ ಹತ್ತಿರ ಬಂದರು. ಮೊದಲು ಅವನ ತುದಿ, ಆಮೇಲೆ ಅವಳದು, ಸದ್ದಾಗದಂತೆ ನೆಲ ಮುಟ್ಟಿತು. ಕೈ ಬಿಟ್ಟ ಮೇಲೂ ಇಬ್ಬರೂ ಒಂದು ಗಳಿಗೆ ಬಾಗಿಯೇ ನಿಂತರು, ಒಳಗಿನ ತಂತಿಯ ದನಿ ಅಡಗಲಿ ಎಂದು ಕಾಯುವವರ ಹಾಗೆ.