ಮಣ್ಣು ಮಾಡಿದ ಕಸ

ಗೋಡೆಬರಹ ಬರೆಸುವುದೆಂದರೆ ಮಲ್ಲಿಕಾಗೆ ಎಲ್ಲಿಲ್ಲದ ಹುರುಪು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಬೆಳೆದು, ಕಮಲಾಪುರ ತಾಲೂಕಿಗೆ ಸ್ವಚ್ಛತೆಯ ಅಧಿಕಾರಿಯಾಗಿ ಬಂದವಳು ಆಕೆ. ಹಸಿ ಕಸ ಕೊಳೆತು ಗೊಬ್ಬರವಾಗಲಿ ಎಂದು ಊರೂರಿನ ಗೋಡೆಗೆ ಹಸಿರು ಅಕ್ಷರದಲ್ಲಿ ಬರೆಸಿದಳು: ‘ಬನ್ನಿ, ಕಸವನ್ನು ಮಣ್ಣು ಮಾಡೋಣ.’ ಬರೆಸಿದವಳೇ ಜೀಪು ಹತ್ತಿ ಹೊರಟಳು. ಕೂತು ತಿಳಿಸಿ ಹೇಳುವ ಪುರುಸೊತ್ತು ಅಧಿಕಾರಿಗಳಿಗೆ ಎಲ್ಲಿರುತ್ತದೆ?

ತಪಾಸಣೆಯವರು ಬಂದಾಗ ತಾಲೂಕಿನ ಮಹಾಗಾಂವ ಎಂಬ ಊರಿನ ಓಣಿಗಳಲ್ಲಿ ಒಂದು ಚೂರು ಕಸವಿರಲಿಲ್ಲ. ಪರಿಸರ ಸಾಧನೆಯಲ್ಲಿ ಕಮಲಾಪುರ ಇಡೀ ಜಿಲ್ಲೆಗೇ ಮೊದಲು ಬಂತು. ಪ್ರಶಸ್ತಿಯ ದಿನ ಸಭಾಂಗಣದ ಮೇಜಿನ ಮೇಲಿಡಲು ಒಂದು ಚೀಲ ಗೊಬ್ಬರ ತರೋಣವೆಂದು ಆಕೆ ಬೆಳಿಗ್ಗೆಯೇ ಮಹಾಗಾಂವಕ್ಕೆ ಹೋದಳು.

“ಗೊಬ್ಬರ ಎಲ್ಲಿಂದ ಬರಬೇಕ್ರೀ?” ಕಸದ ಟೆಂಪೊ ಓಡಿಸುವ ಖಂಡೆಪ್ಪ ಬೆರಗಾಗಿ ಕೇಳಿದ. “ನೀವು ಬರೆಸಿದಂಗ ಎಲ್ಲಾ ಮಣ್ಣ ಮಾಡೀವಲ್ರೀ. ಬಾವಿ ಹಿಂದ ಆಳುದ್ದ ಕುಣಿ ತೋಡೀವಿ. ಒಂದ ಚೂರೂ ಮ್ಯಾಲ ಬಿಟ್ಟಿಲ್ಲ. ಮುಗಿಸಿ ಬಂದು ಎಲ್ಲಾರೂ ಜಳಕಾನೂ ಮಾಡೀವಿ.”

ಜಳಕದ ಮಾತು ಕೇಳಿದ ಮೇಲೆಯೇ ಮಲ್ಲಿಕಾಗೆ ಹೊಳೆಯಿತು. ಈ ಸೀಮೆಯಲ್ಲಿ ಮಣ್ಣು ಮಾಡುವುದೆಂದರೆ ಹೆಣ ಹೂಳುವುದು. ಆಕೆಯ ಸ್ವಂತ ಅಜ್ಜನನ್ನು ಇದೇ ಊರಿನ ಹೊಲದಲ್ಲಿ ಮಣ್ಣು ಮಾಡಿದ್ದರು. ಮಾತು ಗೊತ್ತಿರಲಿಲ್ಲವೆಂದಲ್ಲ, ಬರೆಸುವಾಗ ನೆನಪಾಗಲಿಲ್ಲ. ಪ್ಲಾಸ್ಟಿಕ್ಕು, ತೊಗರಿಗೆ ಹೊಡೆದ ವಿಷದ ಡಬ್ಬಿ, ಮಕ್ಕಳ ಡೈಪರು, ಎಲ್ಲವೂ ಊರ ಬಾವಿಯ ಬಗಲಲ್ಲೇ ಮಲಗಿದ್ದವು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಪ್ರಶಸ್ತಿಯೊಂದು ಮುಗಿಯಲಿ ಎಂದುಕೊಂಡಳು.

ಕಲಬುರಗಿಯ ಸಭಾಂಗಣಕ್ಕೆ ಮಹಾಗಾಂವದ ಜನ ಟೆಂಪೊ ತುಂಬ ಬಂದಿದ್ದರು. ಮಲ್ಲಿಕಾಳ ಕೊರಳಿಗೆ ಹಾರ ಬಿದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ಆಕೆಗೆ ಅಲ್ಲೇ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ಆದರೂ ಫೋಟೊಗೆ ನಕ್ಕಳು, ನಗುವೂ ಚೆನ್ನಾಗಿಯೇ ಬಂತು.

ಹೊರಗೆ ಮೆಟ್ಟಿಲ ಮೇಲೆ ಮಹಾಗಾಂವದ ಪಂಚಾಯಿತಿ ಅಧ್ಯಕ್ಷೆ ಸೂಗಮ್ಮ ಬಾಟಲಿ ಹಿಡಿದು ಕಾಯುತ್ತಿದ್ದಳು. “ಬಿಸಲಿಗಿ ಬಾಯಿ ಒಣಗ್ಯಾದ ನೋಡ್ರಿ ನಿಮ್ದು. ನಮ್ಮೂರ ಬಾವಿ ನೀರ ಕುಡೀರಿ. ಈಗೀಗ ಒಂದೀಟ ವಾಸನಿ ಬರ್ತದ, ರೂಢಿ ಆಗ್ತದ.”

“ಮಕ್ಕಳೂ ಇದನ್ನೇ ಕುಡೀತಾರಾ?”

“ಮತ್ತೇನ್ ಕುಡೀತಾರ್ರೀ?”

ಮಲ್ಲಿಕಾ ಬಾಟಲಿ ಕಸಿದುಕೊಂಡು ನೀರನ್ನು ಅಲ್ಲೇ ಚೆಲ್ಲಿದಳು. ಹಾರ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು. “ಬೆಳಿಗ್ಗೇನ ಗೊತ್ತಾಗಿತ್ತು ಸೂಗಮ್ಮ. ಹಾರದ ಆಸೆಗೆ ಸುಮ್ಮನಿದ್ದೆ. ಇನ್ನ ಆ ನೀರ ಯಾರೂ ಮುಟ್ಟಬ್ಯಾಡ್ರಿ. ಕುಣಿ ಅಗದು ಕಸ ಎಲ್ಲಾ ಹೊರಗ ತೆಗೀಬೇಕು.” ನಾಚಿಕೆಯಿಂದ ಆಕೆಗೆ ತಲೆ ಎತ್ತಲಾಗಲಿಲ್ಲ.

ಸೂಗಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಖಾಲಿ ಬಾಟಲಿ ಎತ್ತಿಕೊಂಡು ಮೆಲ್ಲಗೆ ಅಂದಳು: “ಮಣ್ಣ ಮಾಡಿದ್ದನ್ನ ತಿರಗಿ ತೆಗಿಯೂ ಪದ್ಧತಿ ನಮ್ಮಲ್ಲಿಲ್ಲವ್ವ. ನಮ್ಮವರು ಯಾರೂ ಗುದ್ದಲಿ ಹಿಡ್ಯಂಗಿಲ್ಲ.”

“ನಾ ಹಿಡೀತೀನಿ,” ಎಂದಳು ಮಲ್ಲಿಕಾ.

ಜೀಪು ಬಿಟ್ಟು ಮಹಾಗಾಂವದ ಟೆಂಪೊ ಹತ್ತಿದಳು. ಒಳಗಿದ್ದವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಹೆಂಗಸರು ಒತ್ತಿಕೊಂಡು ಕೂತು ಆಕೆಗೆ ಜಾಗ ಮಾಡಿಕೊಟ್ಟರು. ಒಬ್ಬಳು ಮೊಬೈಲು ಮುಂದೆ ಹಿಡಿದು, “ಮೇಡಂ, ನಿಮ್ಮ ಫೋಟೊ ಎಷ್ಟ ಛಂದ ಬಂದದ ನೋಡ್ರಿ,” ಅಂದಳು.