ನಾಲ್ಕನೆಯ ಮಗ್ಗುಲು

ರಿಪೇರಿ ಮಾಡುವವರ ಬಾಯಲ್ಲಿ ‘ನಾಳೆ ಬನ್ನಿ’ ಎಂಬ ಮಾತು ಎಷ್ಟು ಸಲೀಸು ಅಂತ ಬೇರೆ ಹೇಳಬೇಕೇ? ಟೇಲರ್ ಹೇಳುತ್ತಾನೆ, ಚಪ್ಪಲಿ ಹೊಲಿಯುವವನು ಹೇಳುತ್ತಾನೆ, ಮಿಕ್ಸರ್ ರಿಪೇರಿಯವನಂತೂ ಆಣೆ ಇಟ್ಟು ಹೇಳುತ್ತಾನೆ. ಆದರೆ ಕಲಬುರಗಿ ಮೋಮಿನಪುರದ ದಿಲ್ಶಾದ್ ಬೇಗಂ ಹೇಳುತ್ತಿದ್ದ ‘ನಾಳೆ’ಯೇ ಬೇರೆ. ಉಳಿದವರು ಕೈತುಂಬ ಕೆಲಸವಿದ್ದು ಹೇಳುತ್ತಿದ್ದರು, ಇವಳು ಒಂದು ಕೆಲಸ ಮುಗಿಸಲು ಮನಸ್ಸು ಬಾರದೆ ಹೇಳುತ್ತಿದ್ದಳು.

ಕೆಲಸವಾದರೂ ಎಂಥದ್ದು! ಹಳೆಯದೊಂದು ಗಿಟಾರ್ ಆಂಪ್ಲಿಫೈಯರಿನ ಕಟ್ಟಿಗೆ ಪೆಟ್ಟಿಗೆ. ಅದರ ಧಣಿ ಕಮಲಾಪುರದ ಅಣವೀರಪ್ಪ, ಕೆಇಬಿಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಹರೆಯದಲ್ಲಿ ಹಗಲು ಕಂಬ ಹತ್ತಿ, ರಾತ್ರಿ ಕಲಬುರಗಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿದ್ದ. ಪೆಟ್ಟಿಗೆಗೆ ಹೊದಿಸಿದ್ದ ರೆಕ್ಸಿನ್ನನ್ನು ಇಲಿ ಕಡಿದಿದ್ದವು, ಮೂಲೆಗಳಲ್ಲಿ ಅದು ಸಿಪ್ಪೆಯ ಹಾಗೆ ಎದ್ದು ಬಂದಿತ್ತು. ಒಳಗಿನ ಯಂತ್ರವನ್ನೂ ಸ್ಪೀಕರನ್ನೂ ಬಿಚ್ಚಿ ಮನೆಯಲ್ಲೇ ಇಟ್ಟು, ಖಾಲಿ ಪೆಟ್ಟಿಗೆಯನ್ನು ಕರೀಂಸಾಬನ ಅಂಗಡಿಗೆ ತಂದು ಇಳಿಸಿದ. ದಿಲ್ಶಾದಳ ಗಂಡ ಕರೀಂಸಾಬ್ ಆಟೋ, ಬೈಕುಗಳ ಸೀಟಿಗೆ ರೆಕ್ಸಿನ್ ಹಾಕುವುದರಲ್ಲಿ ಪಳಗಿದವನು. ಗಿಟಾರಿನ ಪೆಟ್ಟಿಗೆ ಅವನಿಗೂ ಹೊಸದೇ.

“ಸೀಟಿನ ಕೆಲಸಾನೇ ಇದು ಅಣ್ಣಾರ. ಇದರ ಮ್ಯಾಲ ಯಾರೂ ಕುಂಡ್ರಂಗಿಲ್ಲ, ಅಷ್ಟೇ” ಎಂದು ನಕ್ಕು ಒಪ್ಪಿಕೊಂಡ.

ತಳ ಮುಗಿಸಿದ, ಮೇಲ್ಗಡೆ ಮುಗಿಸಿದ, ಒಂದು ಮಗ್ಗುಲಿಗೂ ಕರಿ ರೆಕ್ಸಿನ್ನನ್ನು ಒಂದು ಸುಕ್ಕಿಲ್ಲದಂತೆ ಎಳೆದು ಕೂರಿಸಿದ. ಉಳಿದದ್ದು ನಾಲ್ಕನೆಯ ಮಗ್ಗುಲು. ಈ ಸಲ್ಯೂಷನ್ ಅಂಟನ್ನು ಕಟ್ಟಿಗೆಗೂ ಬಳಿಯಬೇಕು, ರೆಕ್ಸಿನ್ನಿನ ಬೆನ್ನಿಗೂ ಬಳಿಯಬೇಕು. ಬೆರಳಿಟ್ಟರೆ ಮೆತ್ತದಷ್ಟು ಆರಿದ ಮೇಲೆಯೇ ಎರಡನ್ನೂ ಕೂಡಿಸಬೇಕು. ಕರೀಂಸಾಬ್ ಕಟ್ಟಿಗೆಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಹೆಬ್ಬೆರಳು ಒತ್ತಿ ನೋಡಿದ. “ಇನ್ನಾ ಹಸಿ ಅದ. ಅಷ್ಟರಾಗ ಒಂದು ಚಾ ಕುಡ್ದು ಬರ್ತೀನಿ” ಎಂದು ಹೆಂಡತಿಗೆ ಹೇಳಿ ಎದುರಿನ ಹೋಟೆಲಿಗೆ ಹೋದ. ಕಪ್ಪು ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡಿತು. ಮನೆಗೆ ಬಂದದ್ದು ನಾಲ್ಕು ಜನರ ಕೈಮೇಲೆ.

ಅಂಟು ಯಾರ ಸಾವಿಗೂ ಕಾಯುವುದಿಲ್ಲ, ತನ್ನ ಪಾಡಿಗೆ ಒಣಗಿತು. ಗಂಡ ಸತ್ತವಳು ಹೊರಗೆ ಕಾಲಿಡಬಾರದ ಇದ್ದತ್ತಿನ ದಿನಗಳನ್ನು ಮನೆಯೊಳಗೇ ಕಳೆದು, ದಿಲ್ಶಾದ್ ಅಂಗಡಿಯ ಶಟರ್ ಎತ್ತಿದಾಗ ಒಣಗಿದ ಅಂಟಿನ ನಟ್ಟನಡುವೆ ಹೆಬ್ಬೆರಳಿನ ಗುರುತು ಕಂಡಿತು. ಗೆರೆ ಗೆರೆಯೂ ಎದ್ದು ಕಾಣುವಷ್ಟು ನಿಚ್ಚಳ. ಅವನಿಗೆ ಫೋಟೋ ತೆಗೆಸಿಕೊಳ್ಳುವುದೆಂದರೆ ಆಗುತ್ತಿರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನ ಗುರುತು ಸಿಗದ ಮುಖವೊಂದೇ. ಅದನ್ನು ಮಾಡಿಸುವಾಗ ಒತ್ತಿದ ಬೆರಳಚ್ಚು ಸರಕಾರದ ಹತ್ತಿರವಾದರೂ ಇತ್ತು, ಹೆಂಡತಿಯ ಹತ್ತಿರ ಉಳಿದದ್ದು ಇದೊಂದೇ.

ಮನೆಯಲ್ಲಿ ಕೂತು ಅವನಿಗಾಗಿ ವರ್ಷಗಟ್ಟಲೆ ಸೀಟು ಹೊಲಿದವಳು ಅವಳು. ಅಂಟಿಸುವುದನ್ನು ನೋಡಿ ನೋಡಿಯೇ ಕಲಿತಿದ್ದಳು. ಅವನು ಬಿಟ್ಟುಹೋದ ಕೆಲಸಗಳನ್ನೆಲ್ಲ ಒಂದೊಂದಾಗಿ ಮುಗಿಸಿದಳು. ಈ ಪೆಟ್ಟಿಗೆ ಮಾತ್ರ ಹಾಗೇ ಉಳಿಯಿತು. ಹಳೆಯ ಅಂಟನ್ನು ಕೆರೆದು ತೆಗೆಯದೆ ಹೊಸದು ಹಿಡಿಯುವುದಿಲ್ಲ. ಕೆರೆದರೆ ಬೆರಳಿನ ಗುರುತೂ ಹೋಯಿತು. ಹೋದರೆ ಅಂಗಡಿಯಲ್ಲಿ ಅವನದೆಂಬ ಕೆಲಸ ಒಂದೂ ಇಲ್ಲ. ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿ ಇಟ್ಟುಬಿಟ್ಟಳು.

ಅಣವೀರಪ್ಪ ಗುರುವಾರ ಗುರುವಾರ ಬರುತ್ತಿದ್ದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡು, “ಮುಗೀತೇನ್ರೀ ಭಾಭೀ?” ಎನ್ನುತ್ತಿದ್ದ.

“ರೆಕ್ಸಿನ್ ಬಣ್ಣ ಕೂಡವಲ್ದು ಅಣ್ಣಾರ. ಹೈದರಾಬಾದಿನಿಂದ ತರಸಬೇಕು. ಮುಂದಿನ ಗುರುವಾರ ಬರ್ರಿ.”

“ಬರ್ತೀನಿ, ಅವಸರ ಏನದ?”

ಬೇರೆ ಗಿರಾಕಿಯಾಗಿದ್ದರೆ ಅಂಗಡಿಯನ್ನು ತಲೆಮೇಲೆ ಹೊತ್ತುಕೊಳ್ಳುತ್ತಿದ್ದ. ಈ ಪುಣ್ಯಾತ್ಮ ಸಿಟ್ಟಾದದ್ದೇ ಇಲ್ಲ. ಚಹಾ ಕುಡಿಯುತ್ತ ಯಾವುದೋ ಮದುವೆಯಲ್ಲಿ ಕರೆಂಟು ಹೋದದ್ದು, ತಾನು ಸೂಟು ಬೂಟಿನಲ್ಲೇ ಕಂಬ ಹತ್ತಿ ಸರಿಮಾಡಿ, ಇಳಿದು ಬಂದು ಅದೇ ಹಾಡನ್ನು ಬಿಟ್ಟಲ್ಲಿಂದ ಬಾರಿಸಿದ್ದು, ಇಂಥವನ್ನೇ ಹೇಳುತ್ತಿದ್ದ. ಹೇಳಿದ್ದನ್ನೇ ಹೇಳುತ್ತಿದ್ದ. ಅವಳು ಹೊಲಿಗೆ ಮಷೀನ್ ತುಳಿಯುತ್ತ, ಮೊದಲ ಸಲ ಕೇಳುವವಳಂತೆ ನಗುತ್ತಿದ್ದಳು. “ಕಮಲಾಪುರದಾಗ ಬಸ್ ಸ್ಟ್ಯಾಂಡಿಗೆ ಇಳ್ದು ಗಿಟಾರ್ ಅಣವೀರಪ್ಪನ ಮನಿ ಎಲ್ಲಿ ಅನ್ರಿ, ಕೈ ಹಿಡದು ಕರ್ಕೊಂಡು ಬರ್ತಾರ” ಎಂಬ ಜಂಬ ಬೇರೆ.

ಅವನು ಎದ್ದುಹೋದ ಮೇಲೆ ವಾರವೆಲ್ಲ ಅವಳ ಜೊತೆ ಮಾತಾಡುವವರೇ ಇಲ್ಲ. ಸೀಟಿಗೆ ಎಷ್ಟು, ಸಂಜೆಗೆ ಆಗುತ್ತದೋ ಇಲ್ಲವೋ, ಇಷ್ಟೇ ಮಾತು. ಬಾಳೆಹಣ್ಣು ರಾತ್ರಿ ಊಟಕ್ಕೊಂದು ತಿನ್ನುತ್ತಿದ್ದಳು. ಒಂದು ಹೊಟ್ಟೆ ಎಷ್ಟಂತ ತಿಂದೀತು? ಉಳಿದವು ಕಪ್ಪಾಗಿ ಪಕ್ಕದ ಮನೆಯ ಮೇಕೆಯ ಪಾಲಾಗುತ್ತಿದ್ದವು. ತರಬೇಡಿ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಹೀಗಿರುವಾಗ ಒಂದು ಗುರುವಾರ ಅಣವೀರಪ್ಪ ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡಳು. ಮುಂದಿನ ಗುರುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಇಬ್ಬರಿಗೆಂದು ಮಾಡಿದ ಚಹಾವನ್ನು ಒಬ್ಬಳೇ ಕುಡಿದಳು. ಫೋನ್ ನಂಬರು? ವಾರ ವಾರ ತಾನಾಗಿ ಬರುವವನ ನಂಬರು ಯಾರು ಕೇಳುತ್ತಾರೆ! ಚಾ ಕುಡಿದು ಬರುತ್ತೇನೆಂದು ಹೇಳಿ ಹೋದವನೊಬ್ಬ ಬಂದಿರಲಿಲ್ಲ. ಇವನಿಗೂ ಹಾಗೇ ಆಗಿದ್ದರೆ? ‘ಯಾ ಅಲ್ಲಾ, ಆ ಮುದುಕ ತನ್ನ ಪೆಟ್ಟಿಗೆಯ ದಾರಿ ಕಾಯುತ್ತಲೇ ಹೋಗಿಬಿಟ್ಟರೆ ನಾನು ಯಾರಿಗೆ ಮುಖ ತೋರಿಸಲಿ?’

ಮರುದಿನ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿದಳು. ಚಾಕುವಿನಿಂದ ಅಂಚುಗಳನ್ನು ಕೆರೆದಳು. ಅಂಟು ಪುಡಿಪುಡಿಯಾಗಿ ಮಡಿಲಿಗೆ ಬಿತ್ತು. ಉಪ್ಪುಕಾಗದ ಹಾಕಿ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಬೆರಳಿನ ಹತ್ತಿರ ಬಂದಾಗ ಕೈ ನಿಂತುಹೋಯಿತು. ಅಳು ಬಂತು, ಗಟ್ಟಿಯಾಗಿಯೇ ಅತ್ತಳು. ಹೊರಗೆ ಆಟೋಗಳ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಆಮೇಲೆ ಮೂಗು ಒರೆಸಿಕೊಂಡು, ಬೆರಳಿನ ಗುರುತಿನಷ್ಟು ಜಾಗವನ್ನು ಬಿಟ್ಟು ಸುತ್ತಲೂ ನುಣ್ಣಗೆ ಮಾಡಿದಳು. ಅಂಟು ಬಳಿದು, ಆರಲು ಬಿಟ್ಟು, ನಡುವಿನಿಂದ ಅಂಚಿಗೆ ಅವನು ಎಳೆಯುತ್ತಿದ್ದ ಹಾಗೆಯೇ ರೆಕ್ಸಿನ್ ಎಳೆದು ಕೂರಿಸಿದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈಯಾಡಿಸಿದರೆ ನಡುವೆ ಒಂದು ಸಣ್ಣ ಉಬ್ಬು ತಾಗುತ್ತಿತ್ತು.

ಪೆಟ್ಟಿಗೆಯನ್ನು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. “ಹೆಣ್ಮಕ್ಕಳಿಗೆ ಪುಕ್ಕಟೆ ಖರೆ, ಈ ಡಬ್ಬಿ ಹೆಣ್ಣೋ ಗಂಡೋ?” ಎಂದು ಕಂಡಕ್ಟರ್ ಚೇಷ್ಟೆ ಮಾಡಿದ. ಅವಳಿಗೆ ನಗು ಬರಲಿಲ್ಲ.

ಕಮಲಾಪುರದಲ್ಲಿ ಇಳಿದು ಗಿಟಾರ್ ಅಣವೀರಪ್ಪನ ಮನೆ ಎಲ್ಲಿ ಎಂದು ಹಣ್ಣಿನಂಗಡಿಯಲ್ಲಿ ಕೇಳಿದಳು. ಗೊತ್ತಿಲ್ಲ ಎಂದರು. ಪಾನ್ ಅಂಗಡಿಯಲ್ಲಿ ಕೇಳಿದಳು. “ಗಿಟಾರಾ? ಅಂಥವರು ನಮ್ಮೂರಾಗ ಯಾರೂ ಇಲ್ಲವ್ವ.” ಕೊನೆಗೆ, “ಕೆಇಬಿ ಲೈನ್‌ಮನ್ ಇದ್ರಲ್ರೀ” ಎಂದಾಗ, “ಓ, ಕರೆಂಟ್ ಅಣವೀರಪ್ಪ!” ಎಂದು ಒಬ್ಬ ಓಣಿ ತೋರಿಸಿದ. ಜಂಬ ಕೊಚ್ಚಿದ್ದ ಆ ಮನುಷ್ಯನನ್ನು ನೆನೆದು ಅವಳಿಗೆ ಪಾಪ ಎನಿಸಿತು.

ಜೀವ ಇತ್ತು, ಸದ್ಯ! ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ಬಸ್ಸು ಹತ್ತುವಾಗ ಜಾರಿ ಬಿದ್ದನಂತೆ. ಮನೆ ಅವನ ತಮ್ಮನದು, ಮದುವೆಯಾಗದ ಅಣ್ಣನಿಗೆ ಪಡಸಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದರು. ಗೋಡೆಯ ಮೊಳೆಗೆ ಗಿಟಾರ್ ತೂಗುಬಿದ್ದಿತ್ತು, ಅದರಲ್ಲಿ ಒಂದು ತಂತಿಯೂ ಇರಲಿಲ್ಲ. ಅವಳನ್ನು ಕಂಡು ಅವನ ಮುಖ ಅರಳಿತು. ಅವಳ ಕೈಯಲ್ಲಿದ್ದುದನ್ನು ಕಂಡು ಬಾಡಿತು.

“ಇಷ್ಟು ಲಗೂ ಮುಗೀತೇನ್ರೀ ಭಾಭೀ?”

ಲಗೂ! ವರ್ಷ ಕಳೆದ ಮೇಲೆ ಆಡುವ ಮಾತೇ ಇದು? ಅವಳು ಪೆಟ್ಟಿಗೆಯನ್ನು ಮಂಚದ ಮೇಲೆ ಇಳಿಸಿದಳು.

ತಮ್ಮನ ಹೆಂಡತಿ ನಾಗರತ್ನಾ ಚಹಾ ತಂದಳು. ಒಳ್ಳೆಯ ಹೆಂಗಸೇ, ಮಾತು ಮಾತ್ರ ನೇರ. “ಅಯ್ಯ, ಇದನ್ನೆಲ್ಲಿ ಇಡೂದು ಭಾವಾರ? ಇದರ ಜಾಗಾದಾಗ ತೊಗರಿ ಚೀಲ ಹಚ್ಚೀವಲ್ಲ. ಅಟ್ಟದ ಮ್ಯಾಲ ಒಗೀಲೇನು?”

ಅಣವೀರಪ್ಪ ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ನಾಲ್ಕನೆಯ ಮಗ್ಗುಲಿನ ನಡುವೆ ಕೈ ನಿಂತಿತು. “ಇಲ್ಲಿ ಏನೋ ಉಬ್ಬ್ಯಾದಲ್ರೀ.”

ದಿಲ್ಶಾದ್ ಚಹಾದ ಕಪ್ಪನ್ನು ಕೆಳಗಿಟ್ಟಳು. “ಎಲ್ಲಾ ಕೆರದು ತಗದೀನಿ ಅಣ್ಣಾರ. ಅದೊಂದು ಆಗ್ಲಿಲ್ಲ. ಅಂಟು ಆರ್ಯಾದೋ ಇಲ್ಲೋ ಅಂತ ಅವರು ಹೆಬ್ಬಟ್ಟ ಒತ್ತಿ ನೋಡ್ಯಾರ. ಒತ್ತಿ, ಚಾ ಕುಡ್ಯಾಕ ಹೋಗ್ಯಾರ.”

ಅವನು ಆ ಉಬ್ಬಿನ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟ. ಆಮೇಲೆ ನಾಗರತ್ನಾಳಿಗೆ ಕೇಳುವಂತೆ ದನಿ ಎತ್ತಿದ. “ಕೆಲಸ ಸರಿ ಆಗಿಲ್ಲ. ಉಬ್ಬು ಉಳದದ. ಇದನ್ನ ವಾಪಸ್ ಒಯ್ರಿ.”

ಎಲಾ ಇವನ! ಬುರ್ಖಾ ಬೆವರಲ್ಲಿ ತೊಯ್ದು ತೊಪ್ಪೆಯಾಗುವ ಹಾಗೆ ಹೊತ್ತು ತಂದವಳಿಗೆ ಇದೇ ಮರ್ಯಾದೆಯೇ? ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸರಿಯಾಗಿ ಝಾಡಿಸಬೇಕೆಂದು ತಲೆ ಎತ್ತಿದಳು. ಅವನ ಕಣ್ಣು ತುಂಬಿದ್ದವು. ಆ ಕಣ್ಣು ನೋಡಿದಳು, ಮೂಲೆಯ ತೊಗರಿ ಚೀಲ ನೋಡಿದಳು, ತಂತಿಯಿಲ್ಲದ ಗಿಟಾರ್ ನೋಡಿದಳು. ಪೆಟ್ಟಿಗೆ ಬೇಗ ಆಗಲಿ ಎಂದು ಈ ಮನುಷ್ಯ ಒಂದು ದಿನವೂ ಬಂದಿರಲಿಲ್ಲ. ಅದು ಆಗಿಬಿಟ್ಟರೆ ಗುರುವಾರ ಹೋಗಲು ಅವನಿಗೂ ಬೇರೆ ಜಾಗವಿರಲಿಲ್ಲ. ಸಿಟ್ಟು ಇಳಿದುಹೋಯಿತು.

“ಹೌದ್ರೀ, ನಂದೇ ತಪ್ಪು” ಎಂದು ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು.

ಬೇಡಬೇಡವೆಂದರೂ ಅವನು ಗೋಡೆ ಹಿಡಿದು ಕುಂಟುತ್ತ ಬಾಗಿಲವರೆಗೆ ಬಂದ. “ಯಾವಾಗ ಬರ್ಲಿ ಭಾಭೀ?”

“ಮೊದಲ ಕಾಲು ಆರಾಮ ಆಗ್ಲಿ. ಆಮ್ಯಾಲ ಗುರುವಾರ ಬರ್ರಿ.”

“ಮುಗದಿರ್ತದೇನು?”

“ಇಲ್ರೀ ಅಣ್ಣಾರ” ಎಂದಳು ದಿಲ್ಶಾದ್. “ಮುಗದಿರಂಗಿಲ್ಲ.”