ತ್ರ್ಯಂಬಕನ ಕೊನೆಯ ರೀಲು

ಚಟ್ಟದ ಮೇಲೆ ಕ್ಯಾಮೆರಾ ಇಡಲು ಬಗ್ಗಿದ ಬಿಂದುಮಾಧವನ ಕೈಯನ್ನು ಮಾನಸಿ ಗಟ್ಟಿಯಾಗಿ ಹಿಡಿದುಕೊಂಡಳು.

"ಮಾಮಾ, ಅದರಾಗ ರೀಲ್ ಅದ!"

"ನಿಮ್ಮಪ್ಪನ ಜೀವ ಇದರಾಗನ ಇತ್ತಲ್ಲವಾ. ಸಂಗತಿ ಹೋಗ್ಲಿ ಅಂತ..."

ಭಾವನ ಮೇಲಿನ ಪ್ರೀತಿಗೆ ಬಿಂದುಮಾಧವ ಬೆಳಗಿನಿಂದ ಕ್ಯಾಮೆರಾ ಒರೆಸಿ ಒರೆಸಿ ಫಳಫಳ ಮಾಡಿದ್ದ. ಹಿಂದೆ ಅಂಟಿದ್ದ ಕೊಳಕು ಪಟ್ಟಿಯನ್ನೂ ಕಿತ್ತು ಒಗೆದಿದ್ದ. ಅವನದು ಮೊದಲಿನಿಂದ ಹೀಗೆಯೇ, ಪ್ರೀತಿ ಉಕ್ಕಿದಾಗಲೆಲ್ಲ ಏನಾದರೊಂದು ಹಾಳು.

ಮಾನಸಿ ಕ್ಯಾಮೆರಾ ಕಸಿದುಕೊಂಡು ತಿರುಗಿಸಿ ನೋಡಿದಳು. ರೀಲನ್ನು ಯಾವ ವೇಗಕ್ಕೆ, ಎಂದರೆ ಎಷ್ಟು ಬೇಗ ಬೆಳಕು ಹಿಡಿಯುವ ನಂಬರಿಗೆ, ಇಟ್ಟು ತೆಗೆದದ್ದೆಂದು ಅಪ್ಪ ಬರೆದುಕೊಳ್ಳುತ್ತಿದ್ದದ್ದು ಆ ಪಟ್ಟಿಯ ಮೇಲೆ. ಒರೆಸುವ ಭರದಲ್ಲಿ ವೇಗದ ಗುಂಡಿಯೂ ತಿರುಗಿಹೋಗಿತ್ತು. ಅಪ್ಪ ಕೊಳ್ಳುತ್ತಿದ್ದದ್ದು ನಾನೂರರ ಕಪ್ಪು-ಬಿಳುಪು ರೀಲು, ಮಬ್ಬು ಬೆಳಕಿಗೆಂದು ತೆಗೆಯುತ್ತಿದ್ದದ್ದು ಹದಿನಾರುನೂರಕ್ಕೆ ಇಟ್ಟು. ಹಾಗೆ ತೆಗೆದದ್ದನ್ನು ಔಷಧದಲ್ಲಿ ಹೆಚ್ಚು ಹೊತ್ತು ಇಟ್ಟು ತೊಳೆಯಬೇಕು. ಲೆಕ್ಕ ತಪ್ಪಿದರೆ ಅಪ್ಪ ತೆಗೆದ ಕೊನೆಯ ಚಿತ್ರಗಳು ಕೆಟ್ಟವು. ರೀಲು ತೊಳೆಯುವುದು ಒಂದೇ ಸಲ.

*

ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದು ಉಂಡು, ಬೆಂಗೇರಿಯ ಮನೆಯಿಂದ ತ್ರ್ಯಂಬಕ ರಾತ್ರಿ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊರಟರೆ ಮಗಳು ಮಾನಸಿಯೂ ಹಿಂದೆ ಹೊರಡುತ್ತಿದ್ದಳು.

"ಅಪ್ಪಾ, ಫ್ಲ್ಯಾಶ್ ಯಾಕ ಹಾಕೂದಿಲ್ಲ?"

"ಮಂದಿ ಬೆಚ್ಚಿ ಬೀಳ್ತಾರವಾ. ಅವರವರ ದೀಪದಾಗ ಅವರವರು ಚಂದ ಕಾಣ್ತಾರ."

"ಹದಿನಾರುನೂರು ಯಾಕ ಮತ್ತ? ಮುಖದ ಮ್ಯಾಲೆಲ್ಲಾ ರವಾ ಉದುರಿಸಿಧಂಗ ಕಾಣ್ತದ."

"ಕಾಣ್ಲಿ. ಇದ್ದ ದೀಪಾನೇ ಅಷ್ಟು. ಭಜಿ ಕರಿಯಾಂವಗ ಕೈ ನಿಲ್ಲಸಪಾ ಅನ್ಲಿಕ್ಕೆ ಬರ್ತದೇನು? ನಾವ ಲಗೂ ಹಿಡೀಬೇಕು. ಲಗೂ ಹಿಡೀಲಿಕ್ಕೆ ನಂಬರ ಏರಸಬೇಕು, ಏರಸಿದ್ರ ರವಾ ಬರೂದ."

ಊರಿನ ಮಂದಿಯನ್ನೆಲ್ಲ ಹಿಡಿದ ಈ ಮಹಾಶಯ ಮನೆಯಾಕೆಯ ಒಂದೇ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ಗೋದಾಬಾಯಿ ಕೇಳಿದಾಗಲೆಲ್ಲ "ನೀ ಎಲ್ಲಿ ಹೋಗ್ತೀ, ತಗದ್ರಾತು" ಎನ್ನುತ್ತ ನಲವತ್ತು ವರ್ಷ ಕಳೆದುಬಿಟ್ಟಿದ್ದ.

*

ಉಣಕಲ್ಲಿನ ಭಜಿ ಗಾಡಿಯ ಮೈಲಾರಲಿಂಗಪ್ಪ ಹೆಣಕ್ಕೆ ಹಾರ ಹಾಕಿ ಕಣ್ಣೊರೆಸಿಕೊಂಡ. ಈ ರೀಲು ಎಷ್ಟಕ್ಕೆ ಇಟ್ಟು ತೆಗೆದದ್ದಿರಬಹುದೆಂದು ಮಾನಸಿ ಅವನನ್ನೇ ಕೇಳಿದಳು.

"ಹದಿನಾರುನೂರ ಇರ್ತೈತ್ರಿ ತಂಗಿ," ಎಂದ ಅವನು. "ಇಪ್ಪತ್ತು ವರ್ಷ ನನ್ನ ಗಾಡಿ ಮುಂದ ನಿಂತಾರ. ಸರ್ ಬಾಯಾಗ ಬ್ಯಾರೆ ನಂಬರ ನಾ ಕೇಳೇ ಇಲ್ಲ."

ಮಾನಸಿಗೂ ಹಾಗೆಯೇ ಅನ್ನಿಸಿತು. ಗಂಡಸರು ಹೆಣ ಎತ್ತಿಕೊಂಡು ಹೊರಟರು. ಮನೆ ತೊಳೆದು, ಹೆಂಗಸರ ಸ್ನಾನ ಮುಗಿದ ಮೇಲೆ, ಬೆಳಗಿನಿಂದ ತುಟಿ ಬಿಚ್ಚದ ಗೋದಾಬಾಯಿ ಮಾತಾಡಿದಳು.

"ಈಗ ತೊಳಿ ಅದನ್ನ. ನಾ ನೋಡಬೇಕು. ಅದರಾಗ ನಾ ಇದ್ದೇನಿ."

"ನೀನಾ?"

"ಹ್ವಾದ ಐತವಾರ ಸಂಜಿಗೆ ಉಣಕಲ್ ಕೆರಿ ದಂಡಿಗೆ ಕರಕೊಂಡು ಹೋಗಿದ್ರು. ಹೊಸಾ ರೀಲ್ ಹಾಕಿದ್ರು. ದೀಪದ ಕಂಬದ ಕೆಳಗ ಕೂಡಿಸಿ, ಅಳಗ್ಯಾಡಬ್ಯಾಡ, ಉಸರು ಹಿಡಿ ಅಂದ್ರು. ಕ್ಯಾಮೆರಾ ಕಟ್ಟಿ ಮ್ಯಾಲ ಇಟ್ಟು, ಗುಂಡಿ ಒತ್ತಿ ಹಿಡದು, ಒಂದು ಎರಡು ಅಂತ ಎಣಿಸಿ ಬಿಡೂದು. ರೀಲ್ ತೀರೂತನಾ ಹಿಂಗ! ಕುತಗಿ ಸೆಟದು ಹೋತು. ಬೈದ್ನಿ ನೋಡು, ಪಾಪ."

ಮಾನಸಿಗೆ ಅಪ್ಪನ ಮಾತು ನೆನಪಾಯಿತು. ಭಜಿ ಕರಿಯುವವನಿಗೆ ನಿಲ್ಲು ಎನ್ನುವಂತಿರಲಿಲ್ಲ. ಅವ್ವನಿಗೆ ಎನ್ನಬಹುದಿತ್ತು. ಎಣಿಸುವಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಟ್ಟನೆಂದರೆ ಲಗೂ ಹಿಡಿಯುವ ಆತುರವೇ ಇರಲಿಲ್ಲ ಅಪ್ಪನಿಗೆ. ಈ ಒಂದು ಮುಖದ ಮೇಲೆ ರವೆ ಬೀಳುವುದು ಅವನಿಗೆ ಬೇಡವಾಗಿತ್ತು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

"ಹದಿನಾರುನೂರು ಅಲ್ಲ ಅವ್ವಾ. ನಾನೂರು," ಎಂದಳು.

ಗಂಡಸರು ಮರಳಿ ಬರುವಷ್ಟರಲ್ಲಿ, ಅಪ್ಪ ಕಲಿಸಿದಂತೆ ಮಾನಸಿ ತೊಳೆದ ಒದ್ದೆ ರೀಲು ಬಚ್ಚಲಿನ ದಾರಕ್ಕೆ ತೂಗುತ್ತಿತ್ತು. ಗೋದಾಬಾಯಿ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಕಿಟಕಿಯ ಬೆಳಕಿಗೆ ಅದನ್ನು ಹಿಡಿದು ನೋಡಿದಳು.

"ಇದರಾಗ ಎಲ್ಲಾ ಉಲ್ಟಾ ಕಾಣ್ತದವಾ, ಬಿಳೀದು ಕರೀದಾಗಿ. ಪ್ರಿಂಟ್ ಹಾಕಿದ ಮ್ಯಾಲೆ..." ಎಂದಳು ಮಾನಸಿ.

ಗೋದಾಬಾಯಿಗೆ ಅದು ಕೇಳಿಸಲಿಲ್ಲ. ಮೂವತ್ತಾರು ಚೌಕಗಳಲ್ಲೂ ಅವಳ ನೆರೆತ ತಲೆ ಅಚ್ಚಗಪ್ಪಗಿತ್ತು, ಮದುವೆಯಾಗಿ ಈ ಮನೆಗೆ ಬಂದ ದಿನದಷ್ಟು. ಅವಳು ಒದ್ದೆ ಸೆರಗನ್ನು ಹಿಂದಕ್ಕೆ ಸರಿಸಿ, ಕೂದಲನ್ನು ಕಿವಿಯ ಹಿಂದೆ ಒತ್ತಿಕೊಂಡಳು.